ಉಪ್ಪಿನ ಮೇಲಿನ ಸಿಹಿ ನೀರು

ನಮ್ಮ ಮನೆಯ ಕಾಫಿ ಉಪ್ಪಾಗಿ ಮೂರು ವರ್ಷವಾಗಿತ್ತು. ಎಷ್ಟು ಬೆಲ್ಲ ಹಾಕಿದರೂ ನಾಲಿಗೆಯ ತುದಿಯಲ್ಲಿ ಉಪ್ಪೇ ಉಳಿಯುತ್ತಿತ್ತು. ಮೇಕೆಗಳೂ ತೊಟ್ಟಿಯ ಮುಂದೆ ಮುಖ ತಿರುಗಿಸುತ್ತಿದ್ದವು.

ಆ ಉಪ್ಪಿಗೇ ನನ್ನ ತಂಗಿ ಸಿಯುಲೆಮಾ ಮನೆ ಬಿಟ್ಟಳು. ಅವಳ ಕೂಸಿಗೆ ಆ ನೀರು ಒಗ್ಗಲಿಲ್ಲ. ಗ್ವಾಹಿರಾ ಎಂಬ ಮರಳುಸೀಮೆಯ ನಮ್ಮಲ್ಲಿ ಅಕ್ಕತಂಗಿಯರು ತಾಯಿಯ ನೆಲದಲ್ಲೇ ಒಟ್ಟಿಗೆ ಬಾಳುವವರು. ಅವಳು ತಾನು ಮಲಗುವ ಜೋಲಿ ಬಿಚ್ಚಿಕೊಂಡು ಪಟ್ಟಣಕ್ಕೆ ಹೊರಟಳು. ಹಗ್ಗ ಉಜ್ಜಿ ನುಣುಪಾದ ಕಂಬ ಮಾತ್ರ ಉಳಿಯಿತು. ಗುಡಿಸುವಾಗಲೆಲ್ಲ ನನ್ನ ಕೈ ಅದನ್ನು ಸವರುತ್ತಿತ್ತು.

"ಕಾಫಿ ಸಿಹಿಯಾದ ದಿನ ಹೇಳಿ ಕಳಿಸಕ್ಕ, ಬರ್ತೀನಿ" ಎಂದಿದ್ದಳು.

ಆ ಉಪ್ಪು ನೀರಿನ ಬಾವಿ ಕೊರೆಸಿದವರು ರುಮಾಲ್ದೊ ಮಾವ, ನಮ್ಮ ತಾಯಿಯ ಅಣ್ಣ, ಮನೆಗೆ ಹಿರಿಯರು. ತೀರಿಕೊಂಡ ಅಜ್ಜಿ ಅವರ ಕನಸಿನಲ್ಲಿ ಬಂದು ಒಂದು ಮರದ ಬುಡ ತೋರಿಸಿದ್ದಳು. ಕನಸಿನ ಮಾತನ್ನು ನಮ್ಮಲ್ಲಿ ಯಾರೂ ಮೀರುವುದಿಲ್ಲ. ಹದಿನೈದು ಮೀಟರಿಗೇ ಒಳ್ಳೆಯ ನೀರು ಬಂತು. "ಮೇಲೇ ಇಷ್ಟಿದ್ರೆ ಕೆಳಗೆ ಇನ್ನೆಷ್ಟಿರ್ಬೇಡ! ಇಳಿಸ್ರೋ" ಎಂದು ಮಾವ ಅರವತ್ತು ಮೀಟರು ಇಳಿಸಿದರು. ಅಲ್ಲಿಂದ ಉಕ್ಕಿದ್ದು ಉಪ್ಪು.

ಮೊನ್ನೆ ಬೇಸಿಗೆಯಲ್ಲಿ ಯೊಲೈಡಾ ಬಂದಳು. ನಮ್ಮವಳೇ, ಅಂತರ್ಜಲದ ಓದು ಓದಿದವಳು. ಕೈಯಲ್ಲಿ ಉಕ್ಕಿನ ಸಲಾಕೆ, ತಂತಿ ಸುರುಳಿ, ಬ್ಯಾಟರಿ.

"ಮತ್ತೆ ತೂತು ಹೊಡೆಯೋಕೆ ಬಂದ್ಯೇನಮ್ಮ?" ಎಂದರು ಮಾವ.

"ತೂತಿಲ್ಲ ಮಾವ. ನಾಲ್ಕು ಸಲಾಕೆ ನೆಡ್ತೀನಿ ಅಷ್ಟೆ. ಹೊರಗಿನ ಎರಡರಿಂದ ನೆಲಕ್ಕೆ ಕರೆಂಟು ಬಿಡ್ತೀನಿ, ಒಳಗಿನ ಎರಡರಲ್ಲಿ ಅಳೀತೀನಿ. ಉಪ್ಪು ನೀರಲ್ಲಿ ಕರೆಂಟು ಸಲೀಸಾಗಿ ಓಡುತ್ತೆ. ಸಿಹಿ ನೀರಿರೋ ಮರಳಲ್ಲಿ ತಡವರಿಸುತ್ತೆ. ಒಣ ಮರಳಲ್ಲಿ ಮುಂದಕ್ಕೇ ಹೋಗೋಕಾಗಲ್ಲ. ಹೊರಗಿನ ಸಲಾಕೆ ದೂರ ಹಾಕ್ದಷ್ಟೂ ಆಳದ ಸುದ್ದಿ ಸಿಗುತ್ತೆ."

"ನಮ್ಮವ್ವನ ಕನಸಿಗಿಂತ ನಿನ್ನ ಬ್ಯಾಟರಿ ಹೆಚ್ಚೋ?"

ಅವಳು ನಕ್ಕು, ಮಕ್ಕಳು ಮೇಕೆಗಳು ತಂತಿಯ ಹತ್ತಿರ ಸುಳಿಯದಂತೆ ನನಗೆ ಹೇಳಿದಳು. ಆದರೆ ಒಣ ನೆಲ ಕರೆಂಟನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. "ಅಕ್ಕಾ, ಒಂದು ಬಿಂದಿಗೆ ನೀರು ಬೇಕಿತ್ತು."

ಮಾವನ ಟೋಪಿ ಬೀಳುವಷ್ಟು ನಗು. "ನೀರು ಹುಡುಕೋಕೆ ಬಂದೋಳು ನೀರು ಬೇಡ್ತಾಳೆ ನೋಡ್ರೇ!"

ಅಪರೂಪಕ್ಕೆ ಬರುವ ಟ್ಯಾಂಕರಿನ ಸಿಹಿ ನೀರನ್ನು ಮಕ್ಕಳಿಗೆಂದು ಮುಚ್ಚಿಟ್ಟಿದ್ದೆ. ಅದನ್ನೇ ಎತ್ತಿಕೊಂಡೆ. ಯೊಲೈಡಾ ತಡೆದಳು. "ಅದು ಬೇಡಕ್ಕ. ನಿಮ್ಮ ಬಾವಿಯ ಉಪ್ಪು ನೀರೇ ಕೊಡಿ. ಸಲಾಕೆ ಬುಡಕ್ಕೆ ಅದೇ ಒಳ್ಳೇದು."

ಮೂರು ವರ್ಷ ಶಪಿಸಿದ ಬಾವಿ ಅಂದು ಮೊದಲ ಸಲ ಉಪಕಾರಕ್ಕೆ ಬಂತು.

ಸಂಜೆ ಅವಳು ಕಾಗದದ ಮೇಲೆ ಮೂರು ಪಟ್ಟೆ ಬರೆದಳು. ಮೇಲೆ ಒಣ ಮರಳು, ನಡುವೆ ತೆಳುವಾಗಿ ಸಿಹಿ ನೀರು, ಕೆಳಗೆ ಉಪ್ಪು.

"ನಿಮ್ಮವ್ವ ಜಾಗ ತಪ್ಪು ತೋರಿಸಿಲ್ಲ ಮಾವ. ಎಷ್ಟು ಆಳ ಅಂತ ನೀವು ಕೇಳ್ಲಿಲ್ಲ."

ಮಾವ ನಡುವಿನ ಪಟ್ಟೆಯ ಮೇಲೆ ಬೆರಳಿಟ್ಟರು. "ಬದುಕಿದ್ದಾಗ್ಲೂ ಅವಳ ಮಾತು ಮುಗಿಯೋವರೆಗೂ ನಾನು ನಿಂತೋನಲ್ಲ" ಎಂದರು.

ಉಪ್ಪು ಸಿಹಿ ನೀರಿಗೆ ಬೆರೆಯದಂತೆ ಹಳೆಯ ಬಾವಿಯನ್ನು ಭದ್ರವಾಗಿ ಮುಚ್ಚಿಸಿದೆವು. ಯೊಲೈಡಾ ಸುತ್ತ ಅಳೆದು ನೋಡಿದಾಗ ಒಣ ಹಳ್ಳದ ದಂಡೆಯಲ್ಲಿ ಸಿಹಿ ನೀರಿನ ಪಟ್ಟೆ ದಪ್ಪವಿತ್ತು; ಹೊಸ ಬಾವಿ ಅಲ್ಲೇ ಕೊರೆಸಿದೆವು. "ಅಳತೆ ಹೇಳೋದು ಅಂದಾಜು, ಕೊರೆದ ಮೇಲೇ ಖಾತ್ರಿ" ಎಂದಿದ್ದಳು ಯೊಲೈಡಾ. ಅವಳು ಹೇಳಿದ ಹದಿನೆಂಟು ಮೀಟರಿಗೆ ಮಾವನೇ ಕೈಯೆತ್ತಿದರು. "ಸಾಕು, ನಿಲ್ಸಿ!"

ನೀರನ್ನು ಪರೀಕ್ಷೆಗೆ ಕಳಿಸಿ, ಒಳ್ಳೆಯದೆಂದು ಉತ್ತರ ಬಂದ ಮೇಲೆ ಕಾಫಿಗಿಟ್ಟೆ. ಬೆಲ್ಲ ಮೊದಲಿನಷ್ಟೇ ಹಾಕಿದೆ. ಒಂದು ಗುಟುಕಿಗೆ ಕಣ್ಣು ತುಂಬಿತು.

ಸಿಯುಲೆಮಾಗೆ ಹೇಳಿ ಕಳಿಸಿ ಎಂಟು ದಿನವಾಯಿತು. ಕಂಬಕ್ಕೆ ಹೊಸ ಜೋಲಿ ಕಟ್ಟಿದ್ದೇನೆ. ದಾರಿಯಲ್ಲಿ ಧೂಳೆದ್ದರೆ ಮಾವ ಎದ್ದು ನಿಲ್ಲುತ್ತಾರೆ. ನಾನು ಒಲೆಯ ಮೇಲಿನ ಕಾಫಿ ಆರಗೊಡುವುದಿಲ್ಲ.

ನೀವೂ ಬಾವಿ ಕೊರೆಸುವ ಮೊದಲು ಇಂಥ ಅಳತೆ ಬಲ್ಲವರನ್ನು ಕರೆಸಿ. ಎಲ್ಲಿ ಎಂದಷ್ಟೇ ಅಲ್ಲ, ಎಷ್ಟು ಆಳ ಎಂದೂ ಕೇಳಿ. ಹೇಳಿದಲ್ಲಿ ನಿಲ್ಲಿಸಿ, ಸಿಕ್ಕಿದ್ದನ್ನು ಮಿತವಾಗಿ ಎತ್ತಿ; ಆಸೆಪಟ್ಟು ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ನಿಮ್ಮ ಮನೆಯಲ್ಲೊಂದು ಕಂಬ ಖಾಲಿಯಾಗುವ ಮೊದಲೇ ಕೇಳಿ.