ಮುಂಬಾಗಿಲು ತಟ್ಟಿದವರು

ನಮ್ಮ ಬೀದಿಯ ಮನೆಗಳಿಗೆ ಮುಂಬಾಗಿಲು ಅಂತ ಒಂದಿರುವುದು ಡಾಕ್ಟರಿಗೆ, ಪಾದ್ರಿಗೆ, ಆಮೇಲೆ ಹೆಣಕ್ಕೆ. ಮಿಕ್ಕವರೆಲ್ಲ ಹಿತ್ತಲ ಕಡೆಯಿಂದಲೇ ಬರಬೇಕು. ಯಾರೂ ತಟ್ಟುವುದಿಲ್ಲ. "ನಾನೇ" ಅಂತ ಒಂದು ಕೂಗು ಹಾಕಿ ಒಳಗೆ ಬಂದು, ಟೀ ಕೆಟಲಿಗೆ ಕೈಯಿಟ್ಟು ಬಿಸಿ ಇದೆಯಾ ಅಂತ ನೋಡಿ, ಆಮೇಲೆ ನಮ್ಮ ಮುಖ ನೋಡುತ್ತಾರೆ. ಅಪ್ಪನ ಅಕ್ಕ ಐವಿ ಅತ್ತೆ ನಾನು ಕಣ್ಣು ಬಿಟ್ಟಾಗಿನಿಂದ ಹಾಗೇ ಬಂದವಳು. ಆ ಭಾನುವಾರ ಮಾತ್ರ ಅವಳು ಮುಂಬಾಗಿಲು ತಟ್ಟಿದಳು. ಅಷ್ಟಕ್ಕೇ ಎಲ್ಲ ಕೆಟ್ಟಿತು.

ಅವತ್ತು ಅಮ್ಮ ಟೀವಿಯಲ್ಲಿ ಬರುವವಳಿದ್ದಳು. ಅವಳನ್ನು ಮಣ್ಣು ಮಾಡಿ ತಿಂಗಳಾಗಿತ್ತು.

ಭಾನುವಾರ ಸಂಜೆ ಟೀವಿಯಲ್ಲಿ ದೇವರ ಹಾಡಿನ ಕಾರ್ಯಕ್ರಮ ಬರುತ್ತದಲ್ಲ, ವಾರಕ್ಕೊಂದು ಊರಿನ ಚರ್ಚು. ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮೂರು ಬ್ಯಾಟ್ಲಿಯ ಸರದಿ ಬಂತು. ಲಾರಿಗಳು ಬಂದವು, ತೊಡೆ ದಪ್ಪದ ವೈರುಗಳು ಬೀದಿಯುದ್ದಕ್ಕೂ ಬಿದ್ದುಕೊಂಡವು. ದೀಪಗಳ ಕಾವಿಗೆ ಚರ್ಚಿನ ಬೆಂಚುಗಳು ವಾರ್ನಿಷಿನ ವಾಸನೆ ಬಿಟ್ಟವಂತೆ. ವರ್ಷವಿಡೀ ಬೆಂಚಿನ ಕಡೆ ತಲೆ ಹಾಕದವರೂ ಕೂದಲು ಸುರುಳಿ ಮಾಡಿಸಿಕೊಂಡು ಹೋಗಿ ಕೂತರು. ಅಮ್ಮ ಹಾಡುವವರ ಗುಂಪಿನಲ್ಲಿ ಎರಡನೇ ಸಾಲು, ಕಂಬದ ಪಕ್ಕ. ಕೊನೇ ಹಾಡಿಗೆ ಕ್ಯಾಮೆರಾ ತನ್ನ ಎದುರಿಗೇ ಬಂದು ನಿಂತುಬಿಟ್ಟಿತು ಅಂತ ಎಷ್ಟು ಸಲ ಹೇಳಿದಳೋ. ಟೀವಿಯವರು ಇಂಥವನ್ನು ಹಿಡಿದಿಟ್ಟುಕೊಂಡು ಎಷ್ಟೋ ವಾರದ ಮೇಲೆ ತೋರಿಸುತ್ತಾರೆ. ಅದು ಬರುವುದರೊಳಗೆ ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದವಳು ಹಾಗೇ ಕುಸಿದಳು. ತಲೆಯೊಳಗೆ ರಕ್ತನಾಳ ಒಡೆದಿದೆ ಅಂದರು.

ಅಮ್ಮನ ಫೋಟೋ ಇಲ್ಲವೆ ಅಂದರೆ ಇವೆ. ಒಂದರಲ್ಲೂ ಅವಳ ಮುಖ ಇಲ್ಲ. ನಮ್ಮ ಕಡೆ ಅವಳ ಕಾಲದಲ್ಲಿ ಮದುವೆಗೆ ಬಂದ ಹುಡುಗಿಗೆ ತೌರಿನವರು ಕೊಡುತ್ತಿದ್ದ ಉಡುಗೊರೆ ಏನು ಗೊತ್ತೆ? ಬಾಯಲ್ಲಿದ್ದ ಹಲ್ಲನ್ನೆಲ್ಲ ಕೀಳಿಸಿ ಒಂದು ಕಟ್ಟಿದ ಹಲ್ಲಿನ ಸೆಟ್ಟು. ಮುಂದೆ ಗಂಡನಿಗೆ ಹಲ್ಲಿನ ಖರ್ಚು ಬೀಳಬಾರದಲ್ಲ, ಪಾಪ, ಗಂಡ. ಕೀಳಿಸಿದವರ ಹಲ್ಲು ಉದುರಿಸಬೇಕು ಅನ್ನಿಸುತ್ತದೆ ನನಗೆ. ಅಮ್ಮನಿಗೆ ಆ ಸೆಟ್ಟು ಸರಿಯಾಗಿ ಕೂರಲೇ ಇಲ್ಲ. ನಕ್ಕರೆ ಬಾಯಿಗೆ ಕೈ, ಫೋಟೋ ತೆಗೆದರೆ ಬಾಯಿಗೆ ಕೈ. ಸಮುದ್ರದ ದಂಡೆ, ಮದುವೆ ದಿನ, ನನ್ನನ್ನು ಎತ್ತಿಕೊಂಡಿದ್ದು, ಎಲ್ಲದರಲ್ಲೂ ಒಂದು ಕೈ, ಅದರ ಮೇಲೆ ಎರಡು ಕಣ್ಣು. ಹಾಡುವಾಗ ಮಾತ್ರ ಎರಡೂ ಕೈಯಲ್ಲಿ ಪುಸ್ತಕ ಹಿಡಿಯಬೇಕಲ್ಲ, ಆಗ ಬಾಯಿ ತೆರೆಯುತ್ತಿತ್ತು. ನಾನು ಹದಿನೈದಕ್ಕೆ ಸ್ಕೂಲು ಬಿಟ್ಟು ಚಿಂದಿ ಗಿರಣಿ ಸೇರಿದವನು, ಆವತ್ತಿಂದ ಚರ್ಚಿಗೆ ಕಾಲಿಟ್ಟಿಲ್ಲ. ವಾರವೆಲ್ಲ ಊರೂರಿನ ಹಳೇ ಕೋಟುಗಳ ಗುಂಡಿ ಕೀಳುವುದು, ಉಣ್ಣೆ ಬೇರೆ, ಹತ್ತಿ ಬೇರೆ ಮಾಡುವುದು. ಭಾನುವಾರ ದೇವರಿಗೆ ಬೇರೆ ಯಾಕೆ ಕೊಡಲಿ ಅಂತ. ಅಮ್ಮ ಬಾಯಿ ಬಿಟ್ಟು ಹಾಡಿದ್ದನ್ನು ನಾನು ನೋಡಿದ್ದು ಚಿಕ್ಕವನಿದ್ದಾಗ. ನೆನಪೂ ಸರಿಯಾಗಿಲ್ಲ.

ಆದ್ದರಿಂದ ಆ ಕೊನೇ ಹಾಡು ನನಗೆ ಬೇಕಾಗಿತ್ತು. ಟೀವಿಯಲ್ಲಿ ಒಂದು ಸಲ ಹೋದದ್ದು ಹೋಯಿತು, ಮತ್ತೆ ಯಾರು ತೋರಿಸುತ್ತಾರೆ?

ಅವತ್ತು ಮಧ್ಯಾಹ್ನ ಅಪ್ಪ ಮಾಂಸ ಸುಡಲು ಹೋಗಿ ಇದ್ದಿಲು ಮಾಡಿದ. ಇಬ್ಬರೂ ಹಲ್ಲು ಕಚ್ಚಿ ತಿಂದೆವು, ಚೆನ್ನಾಗಿದೆ ಅಂದೆವು. ಆಮೇಲೆ ಅವನು ಗಡ್ಡ ಹೆರೆದುಕೊಂಡು, ಕಾಲರಿಗೆ ಟೈ ಕಟ್ಟಿಕೊಂಡು, ಚರ್ಚಿಗೆ ಹೋಗುವವನ ಹಾಗೆ ಬಂದು ಟೀವಿ ಎದುರು ಕೂತ. ಅಮ್ಮನ ಕುರ್ಚಿ ಖಾಲಿ. ಇಬ್ಬರೂ ಅದರ ಕಡೆ ನೋಡಲಿಲ್ಲ. ಕಾರ್ಯಕ್ರಮ ಶುರುವಾಯಿತು, ನಮ್ಮ ಬೆಟ್ಟ, ನಮ್ಮ ಗಿರಣಿ ಚಿಮಣಿಗಳು, ನಾವು ದಿನಾ ಬಸ್ಸು ಹತ್ತುವ ಜಾಗ ಎಲ್ಲ ಬೂದು ಬಣ್ಣದಲ್ಲಿ ಬಂದವು. ಅಪ್ಪ ಕುರ್ಚಿಯ ತುದಿಗೆ ಜರುಗಿದ.

ಆಗ ಮುಂಬಾಗಿಲು ತಟ್ಟಿದ ಸದ್ದು.

ಮನೆಗೆ ಜನ ಬಂದರೆ ಟೀವಿ ಆರಿಸಬೇಕು. ಅಪ್ಪನ ಪಾಲಿಗೆ ಇದು ಹತ್ತು ಆಜ್ಞೆಗಳ ಆಚೆಗಿನ ಹನ್ನೊಂದನೆಯದು. ಹಿತ್ತಲಿಂದ ಬಂದವರಿಗೆ ಆ ಮರ್ಯಾದೆ ಇಲ್ಲ, ಅವರು ಮನೆಯವರು, ಬಂದು ಕೂತು ಅವರೂ ನೋಡಬೇಕು. ಮುಂಬಾಗಿಲು ತಟ್ಟಿದವರು ಅತಿಥಿಗಳು. ಅಪ್ಪ ತಟ್ಟನೆ ಎದ್ದು ಗುಂಡಿ ತಿರುಗಿಸಿದ. ಚಿತ್ರ ಮುದುಡಿ ನಡುವೆ ಒಂದು ಬಿಳಿ ಚುಕ್ಕಿಯಾಗಿ ಹೋಯಿತು. ಅಪ್ಪಾ ಅನ್ನುವಷ್ಟರಲ್ಲಿ ಅವನು ಅಗುಳಿ ತೆಗೆಯುತ್ತಿದ್ದ.

ಕರಿ ಕೋಟು ಹಾಕಿಕೊಂಡ ಐವಿ ಅತ್ತೆ, ಹಿಂದೆ ಟೋಪಿ ಕೈಯಲ್ಲಿ ಹಿಡಿದ ಅವಳ ಗಂಡ ನಾರಿಸ್ ಮಾವ.

"ತೊಂದ್ರೆ ಆಗ್ಲಿಲ್ಲ ತಾನೆ, ಕ್ಲಿಫ್?" ಅಂದಳು ಅತ್ತೆ.

"ಎಂಥ ತೊಂದ್ರೆ, ಬನ್ನಿ ಬನ್ನಿ. ನಾವೇನೂ ಮಾಡ್ತಿರ್ಲಿಲ್ಲ," ಅಂದ ಅಪ್ಪ.

ಏನೂ ಮಾಡುತ್ತಿರಲಿಲ್ಲವಂತೆ. ಆ ಮಾತು ಕೇಳಿ ನನ್ನ ಸಿಟ್ಟು ನೆತ್ತಿಗೇರಿತು.

ಅವರು ಕೂತರು. ಅತ್ತೆ ಅಮ್ಮನ ಕುರ್ಚಿ ಬಿಟ್ಟು ಗಟ್ಟಿ ಮರದ ಕುರ್ಚಿ ಎಳೆದುಕೊಂಡಳು. ಮಾತು ಶುರುವಾಯಿತು. ಮೇಲಿನ ಬೀದಿಯಲ್ಲಿ ರಸ್ತೆ ಅಗೆದಿರುವುದು, ನಾರಿಸ್ ಮಾವನ ಎಲೆಕೋಸಿಗೆ ಹುಳ ಬಿದ್ದಿರುವುದು, ಅವರ ಪಕ್ಕದ ಮನೆ ಬೆಕ್ಕು ಮರಿ ಹಾಕಿರುವುದು. ಮರಿಗಳ ಬಣ್ಣ ಕೂಡ ಹೇಳಿ ಮುಗಿಸಿದರು. ಅಮ್ಮನ ಹೆಸರು ಎನಿಡ್, ಅದೊಂದನ್ನು ಮಾತ್ರ ಎಲ್ಲರೂ ಸುತ್ತು ಹಾಕಿಕೊಂಡು ಹೋದರು, ಅಗೆದ ರಸ್ತೆಯನ್ನು ಬಳಸಿ ಹೋದ ಹಾಗೆ. ನಡುನಡುವೆ ಮಾವ ಟೀವಿ ಕಡೆ ಕದ್ದು ನೋಡುತ್ತಿದ್ದ. ಅದರ ಗಾಜಿನಲ್ಲಿ ನಾವು ನಾಲ್ವರೇ ಕಾಣುತ್ತಿದ್ದೆವು, ಸಣ್ಣಗೆ, ಬೆನ್ನು ನೆಟ್ಟಗೆ ಮಾಡಿಕೊಂಡು. ಗೋಡೆಯಾಚೆ ಪಕ್ಕದ ಮನೆಯವರು ಅದೇ ಕಾರ್ಯಕ್ರಮ ಹಾಕಿದ್ದರು. ಆರ್ಗನ್ನಿನ ಸದ್ದು ಗುಂಯ್ ಅನ್ನುತ್ತಿತ್ತು. ಊರಿಗೆ ಊರೇ ನಮ್ಮಮ್ಮನನ್ನು ನೋಡುತ್ತಿತ್ತು, ನಾವು ಬೆಕ್ಕಿನ ಮರಿ ಎಣಿಸುತ್ತಿದ್ದೆವು.

ನನ್ನಿಂದ ಆಗಲಿಲ್ಲ.

"ಅಪ್ಪಾ, ಅಮ್ಮ ಬರೋ ಹೊತ್ತಾಯ್ತು," ಅಂದೆ.

ಅತ್ತೆ ಕೈಚೀಲದ ಬಾಯಿ ತೆಗೆದು ಮುಚ್ಚಿದಳು.

"ಮನೆಗೆ ಜನ ಬಂದಿದ್ದಾರೆ ಕಣೋ, ಕೀತ್," ಅಂದ ಅಪ್ಪ, ನೆಲ ನೋಡಿಕೊಂಡು.

"ನಮ್ಮಿಂದೇನೂ ಇಲ್ಲಪ್ಪ, ನಿನ್ನಿಷ್ಟ," ಅಂದಳು ಅತ್ತೆ. ಹಾಕು ಅಂತ ಒಂದು ಮಾತು ಅವಳ ಬಾಯಿಂದ ಬಂದಿದ್ದರೆ ಸಾಕಾಗಿತ್ತು.

"ಛೆ ಛೆ, ಟೀವಿ ದಿನಾ ಇದ್ದದ್ದೇ. ಟೀ ಇಡ್ತೀನಿ," ಅಂತ ಅಪ್ಪ ಅಡುಗೆಮನೆಗೆ ಎದ್ದು ಹೋದ. ಹೋಗುವಾಗ ಅವನ ಕೈ ಅಮ್ಮನ ಕುರ್ಚಿಯ ಬೆನ್ನನ್ನು ಸವರಿಕೊಂಡು ಹೋಯಿತು.

ನಾನು ಎದ್ದು ಟೀವಿ ಗುಂಡಿ ತಿರುಗಿಸಿದೆ. ಅತ್ತೆ ಬೇಡ ಅನ್ನಲಿಲ್ಲ. ಮಾವ ತನ್ನ ಕುರ್ಚಿಯನ್ನು ತನಗೇ ಗೊತ್ತಿಲ್ಲದವನ ಹಾಗೆ ಟೀವಿ ಕಡೆ ಎಳೆದುಕೊಂಡ.

ನಮ್ಮದು ಹಳೇ ಪೆಟ್ಟಿಗೆ. ಒಳಗಿನ ಗಾಜಿನ ಬುರುಡೆಗಳು ಕಾಯಬೇಕು, ಆಮೇಲೆಯೇ ಅದು ಕಣ್ಣು ಬಿಡುವುದು. ಮೊದಲು ಸದ್ದು, ಎಷ್ಟೋ ಹೊತ್ತಿನ ಮೇಲೆ ಚಿತ್ರ. ಸದ್ದು ಬಂತು. ಕೊನೇ ಹಾಡು. ಚರ್ಚಿಗೆ ಚರ್ಚೇ ಎದೆಬಿಚ್ಚಿ ಹಾಡುತ್ತಿತ್ತು, ನಮ್ಮ ಮುಂದೆ ಮಾತ್ರ ಕತ್ತಲ ಗಾಜು. ಒಂದು ಚರಣ ಮುಗಿಯಿತು. ಆರ್ಗನ್ ಉಸಿರು ತೆಗೆದುಕೊಂಡಿತು. ಕೊನೇ ಚರಣ ಎತ್ತಿಕೊಂಡರು. ಗಾಜು ಇನ್ನೂ ಕತ್ತಲೆ. ನಾನು ಪೆಟ್ಟಿಗೆಯ ತಲೆ ಮೇಲೆ ಅಂಗೈಯಿಂದ ಬಡಿದೆ, ಮತ್ತೆ ಬಡಿದೆ, ಬೈದೆ.

"ಹೊಡೀಬೇಡ್ವೋ," ಅಂದಳು ಅತ್ತೆ ಮೆಲ್ಲಗೆ. "ಅದೇನು ಮಾಡೀತು, ಪಾಪ."

ಬೂದಿಯಂಥದ್ದೇನೋ ನಡುವಿನಿಂದ ಹರಡಿತು. ಗೆರೆಗಳು ಓಡಾಡಿದವು. ಕಂಬ ಕಂಡಿತು. ಕಂಬದ ಪಕ್ಕ ಒಂದು ಹೊಸ ಟೋಪಿ, ಅದರ ಕೆಳಗೆ ಎರಡು ಕಣ್ಣು. ಅಷ್ಟು ಹೊತ್ತಿಗೆ ಆಮೆನ್ ಆಗಿಹೋಗಿತ್ತು. ಹಾಡು ಮುಗಿಯಿತು, ಕ್ಯಾಮೆರಾ ಆರಿಸಿದರು ಅಂತ ಅಂದುಕೊಂಡಿರಬೇಕು ಅವಳು. ಪಕ್ಕದವಳ ಕಡೆ ತಿರುಗಿ ಏನೋ ಹೇಳಿ ನಕ್ಕಳು. ನಗುವ ಮುಂಚೆ ಪುಸ್ತಕ ಬಿಟ್ಟು ಕೈ ಎತ್ತಿ ಬಾಯಿ ಮುಚ್ಚಿಕೊಂಡಳು.

ಆಮೇಲೆ ಬಂದದ್ದು ಪಾದ್ರಿಯ ಮುಖ.

ಅಡುಗೆಮನೆಯಿಂದ ಕಪ್ಪುಗಳ ಸದ್ದು ಹತ್ತಿರ ಬಂತು. ಅತ್ತೆ ಎದ್ದು ತಾನೇ ಟೀವಿ ಆರಿಸಿದಳು. ಮನೆಯವನು ಟೀ ತರುವಾಗ ಟೀವಿ ನೋಡುತ್ತ ಕೂತರೆ ಚೆನ್ನಲ್ಲವಲ್ಲ.

ಅಪ್ಪ ನೆಂಟರಿಗೆ ಅಂತ ಇಟ್ಟಿದ್ದ ಹೂವಿನ ಕಪ್ಪುಗಳನ್ನು ತೆಗೆದಿದ್ದ. ಡಬ್ಬಿ ಮೀನು ಹಚ್ಚಿದ ಬ್ರೆಡ್ಡಿನ ಚೂರುಗಳು, ಅಂಚು ಕತ್ತರಿಸಿ. ಯಾವಾಗ ಮಾಡಿಟ್ಟಿದ್ದನೋ, ಬಹುಶಃ ಅಮ್ಮನನ್ನು ನೋಡುತ್ತ ತಿನ್ನೋಣ ಅಂತ. ತಟ್ಟೆ ಇಟ್ಟು, ಕೂರದೆ, ಬೆನ್ನು ತಿರುಗಿಸಿ ಟೀ ಬಗ್ಗಿಸುತ್ತ ಕೇಳಿದ.

"ಬಂದ್ಲಾ?"

"ಬಂದ್ಲು."

"ಹಾಡ್ತಿದ್ಲಾ?"

ನಾನು ಅತ್ತೆ ಕಡೆ ನೋಡಿದೆ. ಅವಳು ಖಾಲಿ ಕಪ್ಪಿನ ತಳ ನೋಡುತ್ತಿದ್ದಳು.

"ಹೂಂ," ಅಂದೆ. "ಬಾಯ್ತುಂಬ."

"ಹಲ್ಲು?"

"ಗಟ್ಟಿಯಾಗಿ ಕೂತಿತ್ತು."

ಅಪ್ಪನ ಭುಜ ಇಳಿಯಿತು. "ಅವಳಿಗೆ ಅದೇ ಯೋಚನೆ ಆಗಿತ್ತು," ಅಂದ. "ದೇಶಕ್ಕೆ ದೇಶವೇ ನೋಡೋವಾಗ ಬಿದ್ದುಹೋದ್ರೆ ಅಂತ."

"ಚೆನ್ನಾಗಿ ಕಂಡ್ಲು, ಕ್ಲಿಫ್," ಅಂದಳು ಅತ್ತೆ. ಆಮೇಲೆ ಬ್ರೆಡ್ಡು ತುಂಬ ಚೆನ್ನಾಗಿದೆ ಅಂತಲೂ ಹೇಳಿದಳು.

ಅವರು ಹೊರಡುವಾಗ ನಾನು ಬಾಗಿಲವರೆಗೆ ಹೋದೆ. ಅತ್ತೆ ಮೆಟ್ಟಿಲಿಳಿದ ಮೇಲೆ ನಾರಿಸ್ ಮಾವ ನನ್ನ ತೋಳು ಹಿಡಿದುಕೊಂಡ.

"ನಾವು ನೋಡೋಕೇ ಬಂದಿದ್ದು ಕಣೋ," ಅಂದ. "ನೀವಿಬ್ರೇ ಕೂತು ನೋಡೋ ಹಾಗಾಗ್ಬಾರ್ದು ಅಂತ. ನಮ್ಮನೇಲಿ ಹಾಕಿದ್ದನ್ನ ಆರಿಸಿ ಬಂದ್ವಿ."

"ಹಿತ್ತಲಿಂದ ಬರೋಕೇನಾಗಿತ್ತು ನಿಮಗೆ?"

"ಸಾವಾದ ಮನೆ. ಮರ್ಯಾದೆ ಅಂದ್ಲು ನಿಮ್ಮತ್ತೆ."

ಬಾಗಿಲು ಹಾಕಿದೆ. ಜೋರಾಗೇ ಹಾಕಿದೆ. ಅಪ್ಪನ ಎದುರು ನಿಂತು ಹೇಳಬೇಕಾದ್ದನ್ನೆಲ್ಲ ನಾಲಿಗೆ ತುದಿಗೆ ತಂದುಕೊಂಡು ಅಡುಗೆಮನೆಗೆ ಹೋದೆ. ಅವನು ಟೈ ಬಿಚ್ಚದೆ, ತೋಳು ಮಡಚಿ, ಅಮ್ಮ ಬಿದ್ದ ಜಾಗದಲ್ಲೇ ನಿಂತು ಕಪ್ಪು ತೊಳೆಯುತ್ತಿದ್ದ.

"ಕೊನೇ ಚರಣ ಅವಳೇ ಮೊದ್ಲು ಎತ್ಕೊಂಡ್ಲು," ಅಂದ, ತಿರುಗದೆ. "ಎಲ್ಲರಿಗಿಂತ ಒಂದು ಉಸಿರು ಮುಂಚೆ. ಯಾವಾಗ್ಲೂ ಹಾಗೇ ಅವಳು, ಕಾಯೋಕಾಗ್ತಿರ್ಲಿಲ್ಲ. ಆ ಆರ್ಗನ್ನಿನವನು ಎಷ್ಟು ಬೈತಿದ್ದ. ಇಲ್ಲಿಗೇ ಕೇಳಿಸ್ತು. ನಿಂಗೆ ಕೇಳಿಸ್ತಾ?"

ಆ ಹೊತ್ತಿಗೆ ನಾನು ಪೆಟ್ಟಿಗೆಯ ತಲೆ ಬಡಿಯುತ್ತಿದ್ದೆ.

"ಕೇಳಿಸ್ತು," ಅಂದೆ.

ಬಟ್ಟೆ ತೆಗೆದುಕೊಂಡು ಕಪ್ಪುಗಳನ್ನು ಒರೆಸಿ ಒಂದೊಂದೇ ಅವನ ಕೈಗೆ ಕೊಟ್ಟೆ. ಅವನು ಬೀರುವಿನ ಮುಂದೆ ಸುಮಾರು ಹೊತ್ತು ನಿಂತ. ಅಮ್ಮ ಕಪ್ಪಿನ ಹಿಡಿಕೆ ಯಾವ ಕಡೆಗೆ ತಿರುಗಿಸಿ ಇಡುತ್ತಿದ್ದಳು ಅಂತ ಕೇಳಿದ.

ಗೊತ್ತಿಲ್ಲ ಅಂದೆ. ಅದು ನಿಜ.