ಗೋಡೆ ಬಿದ್ದವನ ಮನೆ

ಚಿಕ್ಕಬೀರಪ್ಪ ಹಾರೆಯೆತ್ತಿ ಕುಕ್ಕುತ್ತಲೇ ಇದ್ದ. ಗುಂಡಿ ಆಗಲೇ ಎದೆಮಟ್ಟಕ್ಕೆ ಇಳಿದಿತ್ತು. ದಡದಲ್ಲಿ ನಿಂತ ಮಲ್ಲಿಕಾರ್ಜುನಪ್ಪನಿಗೆ ಮೈಯೆಲ್ಲ ಉರಿದುಹೋಯಿತು.

"ಲೇ, ಮೇಲಕ್ಕೆ ಬಾರೋ. ನಮ್ಮಣ್ಣನ ಗುಂಡಿ ತೋಡಾಕೆ ನೀನೇ ಆಗ್ಬೇಕಿತ್ತಾ?"

"ನಾನೇ ಅಮ್ಮೋರ್ನ ಕೇಳ್ಕೊಂಡೆ ಕಣ್ರೀ. ಹೂಂ ಅಂದ್ರು."

ಅತ್ತಿಗೆ ವಿಶಾಲಾಕ್ಷಮ್ಮ ಹೂಂ ಅಂದಮೇಲೆ ಮುಗಿಯಿತು. ಹಿರೇನಲ್ಲೂರು ಕಡೆಯ ಆ ಸಣ್ಣ ಊರಿಗೆ ಹದಿನೈದು ವರ್ಷ ಪಂಚಾಯ್ತಿ ಛೇರ್ಮನ್ ಆಗಿದ್ದ ಈರಭದ್ರಪ್ಪನವರು ಬೆಳಿಗ್ಗೆ ತೀರಿಕೊಂಡಿದ್ದರು. ಅಣ್ಣನ ಜೊತೆ ಮಲ್ಲಿಕಾರ್ಜುನಪ್ಪ ಮಾತು ಬಿಟ್ಟು ಹನ್ನೊಂದು ವರ್ಷ. ಅದಕ್ಕೆ ಕಾರಣ ಈಗ ಗುಂಡಿಯೊಳಗೆ ನಿಂತಿದ್ದವನೇ.

*

ಎಪ್ಪತ್ತನಾಲ್ಕರ ಮಳೆಗಾಲ. ಸರ್ಕಾರ ಬಡವರಿಗೆಂದು ಕಟ್ಟಿಸಿದ ಜನತಾ ಮನೆಗಳಲ್ಲಿ ಉಳಿದದ್ದು ಒಂದೇ, ಕೇಳಿದವರು ಇಬ್ಬರು. ಅಣ್ಣನಿಂದ ಪಾಲಾದ ಮೇಲೆ ಹೆಂಡತಿ ಮಕ್ಕಳೊಂದಿಗೆ ಒಂದೇ ಅಂಕಣದಲ್ಲಿ ಕಾಲ ತಳ್ಳುತ್ತಿದ್ದ ಮಲ್ಲಿಕಾರ್ಜುನಪ್ಪ ಒಬ್ಬ. ಗೋಡೆ ಕುಸಿದು ಸಂಸಾರಸಮೇತ ಶಾಲೆಯ ಜಗಲಿ ಸೇರಿದ್ದ ಚಿಕ್ಕಬೀರಪ್ಪ ಇನ್ನೊಬ್ಬ. ಈ ಚಿಕ್ಕಬೀರಪ್ಪ ಚುನಾವಣೆಯಲ್ಲಿ ಎದುರು ಪಾರ್ಟಿಗೆ ಓಡಾಡಿದ್ದಲ್ಲದೆ, ಛೇರ್ಮನ್ನರ ಮೇಲೆ ಕಡೂರಿನ ತಾಲ್ಲೂಕು ಕಚೇರಿಗೆ ದೂರಿನ ಅರ್ಜಿ ಬೇರೆ ಬರೆದಿದ್ದ.

"ಮನೆ ಚಿಕ್ಕಬೀರಪ್ಪನಿಗೆ," ಅಂದರು ಈರಭದ್ರಪ್ಪನವರು, ತುಂಬಿದ ಸಭೆಯಲ್ಲಿ.

"ಅವ್ನು ನಿನ್ ಮೇಲೇ ಅರ್ಜಿ ಹಾಕ್ದೋನು ಕಣಣ್ಣ!"

"ಅರ್ಜಿ ಬಿದ್ದಿದ್ದು ನನ್ ಮೇಲೆ. ಮಳೆ ಬಿದ್ದಿದ್ದು ಅವನ್ ಮನೆ ಮೇಲೆ. ನಿನ್ ಗೋಡೆ ನಿಂತೈತಲ್ಲಪ್ಪ."

ಟವೆಲ್ ಕೊಡವಿ ಎದ್ದ ತಮ್ಮ ಮತ್ತೆ ಅಣ್ಣನ ಹೊಸ್ತಿಲು ತುಳಿಯಲಿಲ್ಲ.

*

"ಮನೆ ಸಿಕ್ಕಿದ್ ವಾರಕ್ಕೆ ಒಂದು ಕಂಬಳಿ ತಗೊಂಡು ಅವ್ರ ಬಾಗ್ಲಿಗೆ ಹೋಗಿದ್ದೆ," ಅಂದ ಚಿಕ್ಕಬೀರಪ್ಪ, ಹಾರೆ ಊರಿ. "ಮುಟ್ಲಿಲ್ಲ. 'ಇದ್ನ ತಗೊಂಡ್ರೆ ತಮ್ಮ ಕೇಳಿದ್ ಮನೆನ ಮಾರ್ಕೊಂಡಂಗಾಯ್ತದೆ, ತಗೊಂಡ್ಹೋಗು' ಅಂದ್ರು. ಆಮ್ಯಾಕೆ, 'ಅವ್ನು ಮಾತೇ ಬಿಟ್ಬಿಟ್ಟ ಕಣೋ' ಅಂತ ಅತ್ತುಬಿಟ್ರು."

"ನಮ್ಮಣ್ಣ? ಅತ್ತನಾ?"

"ಹೂಂ. ಮಗು ಅತ್ತಂಗೆ."

"ಮತ್ತೆ ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ?"

"ಆಣೆ ಹಾಕ್ಸಿದ್ರು. 'ನಾನು ಅತ್ತಿದ್ ಗೊತ್ತಾದ್ರೆ, ಛೇರ್ಮನ್ ಕೊಟ್ಟ ತೀರ್ಮಾನ ತಪ್ಪು ಅನ್ಕೋತಾರೆ ಜನ' ಅಂದ್ರು."

ಮಲ್ಲಿಕಾರ್ಜುನಪ್ಪ ಪಂಚೆ ಮೇಲಕ್ಕೆ ಕಟ್ಟಿ ಗುಂಡಿಗೆ ಇಳಿದ. ಸಡಿಲಾದ ಮಣ್ಣನ್ನು ಬಾಣಲಿಗೆ ತುಂಬಿ ತುಂಬಿ ಮೇಲಕ್ಕೆ ಚೆಲ್ಲತೊಡಗಿದ. ಇಬ್ಬರ ಬೆವರೂ ಒಂದೇ ಮಣ್ಣಿಗೆ ಇಳಿಯಿತು.

ಭಜನೆಯ ತಾಳ ಹತ್ತಿರವಾಯಿತು. ಅಣ್ಣನ ಹೆಣ ಕೂರಿಸಿದ್ದ ವಿಮಾನದ ಹಿಂದೆ ಮೇಲುಕೇರಿ ಕೆಳಕೇರಿಗಳೆರಡೂ ಬರುತ್ತಿದ್ದವು. ಮಲ್ಲಿಕಾರ್ಜುನಪ್ಪ ಮೊದಲು ಮೇಲೆ ಹತ್ತಿದ. ಹಿಂದಕ್ಕೆ ತಿರುಗಿ, ಇಡೀ ಊರಿನ ಎದುರು ದಡದಲ್ಲಿ ಮೊಣಕಾಲೂರಿ, ಚಿಕ್ಕಬೀರಪ್ಪನತ್ತ ಎರಡೂ ಕೈ ಚಾಚಿದ.