ಬೀಗಿತ್ತಿಯ ಮೂಗಿಗೆ ಹತ್ತಿದ ಕಪ್ಪು

ಸೊರಬದ ನಾಗಶ್ರೀಗೆ ಗಿರೀಶನೂ ಬೇಕಾಗಿದ್ದ, ತನ್ನ ಕೆಲಸವೂ ಬೇಕಾಗಿತ್ತು. ಹೆಣ್ಣು ಎರಡೂ ಬೇಕೆಂದರೆ ಆಸೆಬುರುಕಿ ಎನ್ನುತ್ತಾರೆ. ಗಂಡು ಕೇಳಿದರೆ ಯಾರೂ ಏನೂ ಅನ್ನುವುದಿಲ್ಲ, ಅದು ಬೇರೆ ಮಾತು.

ಅವಳ ಕೆಲಸ ಹಳೇ ಕ್ಯಾಮೆರಾಗಳಿಗೆ ಕಪ್ಪು ಹಚ್ಚುವುದು. ಕೈ ತಾಗಿ ತಾಗಿ ಬಣ್ಣ ಸವೆದು, ಅಂಚಿನಲ್ಲಿ ಹಿತ್ತಾಳೆ ಹಲ್ಲು ಕಿರಿಯುವ ಕ್ಯಾಮೆರಾಗಳನ್ನು ಜನ ಎಲ್ಲೆಲ್ಲಿಂದಲೋ ಕೊರಿಯರ್ ಮಾಡುತ್ತಿದ್ದರು. ಸಣ್ಣ ಕುಂಚದಿಂದ ತೀಡಿ, ಧೂಳು ಕೂರದಂತೆ ಅಮ್ಮನ ಡಬರಿ ಕವುಚಿ ಒಣಗಲು ಬಿಡುತ್ತಿದ್ದಳು. ಶಿಕಾರಿಪುರದ ಗಿರೀಶ ಅಜ್ಜನ ಕ್ಯಾಮೆರಾ ತಂದುಕೊಟ್ಟವನು, ಅದು ಸರಿಯಾದ ಮೇಲೂ ಏನಾದರೊಂದು ನೆಪ ಹಿಡಿದು ಬರುತ್ತಲೇ ಇದ್ದ. ಅವನದು ಕುರಿ ಸಾಕುವ ಮನೆ. ಅವನ ತಾಯಿ ಈಶ್ವರಮ್ಮ ಮಾತ್ರ ಫೋನಿನಲ್ಲೇ ಕಡ್ಡಿ ಮುರಿದಂತೆ ಹೇಳಿದ್ದಳು: ಸೊಸೆಯಾಗುವವಳು ಆ ಕೆಲಸ ಬಿಡಬೇಕು.

ಹೆಣ್ಣು ನೋಡಲು ಅವರು ಬಂದ ದಿನ ನಾಗಶ್ರೀ ಒಳಗೆ ಸೀರೆ ಉಡುತ್ತಿದ್ದಳು. ಅವಳ ತಾಯಿ ಗುಡ್ಡಮ್ಮ ಉಪ್ಪಿಟ್ಟಿಗೆಂದು ಜಗಲಿಯ ಸ್ಟೂಲಿನ ಮೇಲಿದ್ದ ಡಬರಿ ಎತ್ತಿಕೊಂಡು ಹೋದಳು. ಅದರಡಿಯ ಕ್ಯಾಮೆರಾ ಹೊಸದರಂತೆ ಮಿರಮಿರ ಮಿಂಚುತ್ತಿತ್ತು. ಪಕ್ಕದಲ್ಲೇ ಬಂದು ಕೂತ ಈಶ್ವರಮ್ಮ ಅದನ್ನೆತ್ತಿ ಕಣ್ಣಿಗೊತ್ತಿ ಹಿಡಿದು, ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಕೆಳಗಿಟ್ಟಾಗ ಹುಬ್ಬಿನಿಂದ ಮೂಗಿನ ತುದಿವರೆಗೆ ಕಪ್ಪೋ ಕಪ್ಪು.

ಹೇಳುವವರು ಯಾರು? ಬೀಗಿತ್ತಿಯಾಗುವವಳಿಗೆ ನಿಮ್ಮ ಮುಖಕ್ಕೆ ಮಸಿ ಎಂದರೆ ಸಂಬಂಧ ಉಳಿದೀತೇ? ನಾಗಶ್ರೀಯ ಅಪ್ಪ ಚಿಕ್ಕಬೀರಪ್ಪ ಟವೆಲನ್ನು ಬಾಯಿಗೆ ತುರುಕಿಕೊಂಡ. ಗಿರೀಶ ಉಪ್ಪಿಟ್ಟಿನಲ್ಲಿ ಸಾಸಿವೆ ಹುಡುಕತೊಡಗಿದ.

ನಾಗಶ್ರೀ ಕಾಫಿ ತಂದಳು. ಈಶ್ವರಮ್ಮ ಗಂಭೀರವಾಗಿ ಗಂಟಲು ಸರಿಮಾಡಿಕೊಂಡಳು. "ನೋಡ್ರಿ, ಹುಡುಗಿ ಚೊಲೋ ಅದಾಳ. ಆದ್ರ ಕರಿ ಮೆತ್ಕೊಳ್ಳೋ ಕೆಲಸ ನಮ್ಮ ಮನಿಗೆ ಬ್ಯಾಡ. ಮಂದಿ ನಮ್ಮ ಮುಖ ನೋಡಿ ನಗ್ತಾರ."

ನಾಗಶ್ರೀ ತಡೆಯಲಾರದೆ ಕಿಸಕ್ಕೆಂದಳು. ಮರುಕ್ಷಣವೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಗಿಯಿತು, ಗಿರೀಶ ಕೈತಪ್ಪಿದ. ಒಳಗೆ ಓಡಿ ಕನ್ನಡಿಯನ್ನೂ ಸೀಮೆಎಣ್ಣೆ ಹಚ್ಚಿದ ಬಟ್ಟೆಯನ್ನೂ ತಂದುಕೊಟ್ಟಳು. "ತಪ್ಪಾಯ್ತು ಅಮ್ಮಾ, ಬಣ್ಣ ಇನ್ನೂ ಒಣಗಿರ್ಲಿಲ್ಲ."

ಈಶ್ವರಮ್ಮ ಕನ್ನಡಿ ನೋಡಿ ಹೌಹಾರಿದಳು. ತಿಕ್ಕಿದಳು. ಮತ್ತೆ ತಿಕ್ಕಿದಳು. ಮೂಗು ಕೆಂಪಾಯಿತೇ ಹೊರತು ಬಣ್ಣ ಜಗ್ಗಲಿಲ್ಲ.

"ಹೋಗವಲ್ದಲ್ಲ! ಮಳಿಗಾದ್ರೂ ಹೋಗ್ತದೇನು?"

ನಾಗಶ್ರೀಗೆ ರೇಗಿತು. "ಮಳೆಗಾ? ಬಿಸಿಲಿಗೂ ಹೋಗಲ್ಲ. ನಾನು ಹಚ್ಚಿದ್ದು ಅದು!" ಎಂದವಳು ನಾಲಿಗೆ ಕಚ್ಚಿಕೊಂಡಳು.

ಈಶ್ವರಮ್ಮ ಮಗನ ಕಡೆ ತಿರುಗಿದಳು. "ಕೇಳಿದೇನೋ? ನಮ್ಮ ಕುರಿಗೆ ಹಾಕಿದ ಗುರುತು ಒಂದ ಮಳಿಗೆ ತೊಳದು, ಆ ಬಾಜೂ ಹಟ್ಟಿ ಉಜ್ಜಪ್ಪನ ಜೋಡಿ ನಂದು ನಿಂದು ಅಂತ ವರ್ಷಾ ಜಗಳ!" ಆಮೇಲೆ ನಾಗಶ್ರೀಯ ಕೈ ಹಿಡಿದಳು. "ಈ ಕೆಲಸ ಬಿಡಬ್ಯಾಡವ್ವಾ. ನಮ್ಮ ಕುರಿಗೂ ಹಚ್ಚಿಕೊಡ್ತೀಯೇನು?"

ಕ್ಯಾಮೆರಾದ ಕುಂಚದಲ್ಲಿ ಕುರಿಗೆ ಬಣ್ಣ! ನಾಗಶ್ರೀ ಗಿರೀಶನನ್ನು ನೋಡಿದಳು. ಅವನು ಹೂಂ ಅನ್ನು ಎಂದು ಕತ್ತು ಉಳುಕುವಷ್ಟು ತಲೆಯಾಡಿಸುತ್ತಿದ್ದ.

"ಹಚ್ತೀನಿ, ಅತ್ತೆ."

ಅತ್ತೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಚಿಕ್ಕಬೀರಪ್ಪ ಬಾಯಿಂದ ಟವೆಲ್ ಕಿತ್ತು ಸಕ್ಕರೆ ತರುವಂತೆ ಕೂಗಿದ.

ಆ ಮನೆಯ ಕುರಿಗಳೆಲ್ಲ ಕರಿ ಕುರಿಗಳು. ಸಂಭ್ರಮದಲ್ಲಿ ಈಶ್ವರಮ್ಮನಿಗೆ ಅದು ಹೊಳೆಯಲೇ ಇಲ್ಲ. ಗಿರೀಶನಿಗೆ ಹೊಳೆದಿತ್ತು, ಆದರೆ ತಾಳಿ ಕಟ್ಟುವವರೆಗೆ ಆಸಾಮಿ ತುಟಿ ಪಿಟಕ್ಕೆನ್ನಲಿಲ್ಲ.